ಉರುಕುಂದಪ್ಪನ ನಾಣ್ಯದ ಸೀರೆ

ನಾರಾಯಣಪೇಟೆಯಲ್ಲಿ ಒಂದೇ ಹಾಸಿನ ಮೇಲೆ ಎಂಟು ಸೀರೆ ನೇಯ್ದು ಇಳಿಸುವ ಮಂದಿ ಬೇಕಾದಷ್ಟಿದ್ದಾರೆ. ಸೀರೆಯನ್ನು ಮಡಚಿ ಕಡ್ಡಿಪೆಟ್ಟಿಗೆಯೊಳಗೆ ಇಟ್ಟು ತೋರಿಸುತ್ತೇನೆ ಎನ್ನುವವರೂ ಇದ್ದಾರೆ. ಆದರೆ ಉಟ್ಟವಳು ಗಾಡಿ ಹತ್ತಿದ ಕೂಡಲೇ ಎತ್ತುಗಳೆರಡೂ ಕತ್ತು ತಿರುಗಿಸಿ ಯಾರಪ್ಪ ಇದು ಎಂದು ನೋಡುವಂಥ ಸೀರೆ ಮಾಡಿದವನು ನಮ್ಮ ಓಣಿಯ ಉರುಕುಂದಪ್ಪ ಒಬ್ಬನೇ. ಹೈದರಾಬಾದಿನ ಸರ್ಕಾರ ಹೋಗಿ ಯೂನಿಯನ್ ಸರ್ಕಾರ ಬಂದ ವರ್ಷದ ಮಾತು ಇದು. ನಾನು ಹೇಳುವುದರಲ್ಲಿ ಒಂದು ಮಾತೂ ಹೆಚ್ಚಿಲ್ಲ. ಕಡಿಮೆ ಬಿದ್ದಿದ್ದರೆ ಕ್ಷಮಿಸಬೇಕು.

ಉರುಕುಂದಪ್ಪನಿಗೆ ಹಳೆಯ ನಾಣ್ಯದ ಹುಚ್ಚು ಹಿಡಿದದ್ದು ಮಗ್ಗದ ಕುಣಿಯಲ್ಲಿ. ಕಾಲಿಡುವ ಕುಣಿಯನ್ನು ಇನ್ನೊಂದು ಗೇಣು ಆಳ ಮಾಡಲು ಹೋದಾಗ ಒಂದು ತಾಮ್ರದ ನಾಣ್ಯ ಸಿಕ್ಕಿತು. ಅದರ ಮೇಲೊಂದು ಆನೆ. ಅವತ್ತಿನಿಂದ ಅವನು ನೆಲ ನೋಡಿಕೊಂಡೇ ನಡೆಯತೊಡಗಿದ. ಎದುರಿಗೆ ಬಂದವರಿಗೆಲ್ಲ ಡಿಕ್ಕಿ ಹೊಡೆದ. ರಾಜೋಳಿಯ ಹೊಳೆ ಮರಳಿನಲ್ಲಿ ಸಿಕ್ಕದ್ದು, ಇಟಿಕ್ಯಾಲದ ಹೊಲದಲ್ಲಿ ನೇಗಿಲಿಗೆ ಎದ್ದದ್ದು, ಯಾರದೋ ಹಾಳು ಗೋಡೆಯಲ್ಲಿ ಉದುರಿದ್ದು, ಎಲ್ಲವೂ ಅವನ ಮನೆಗೆ ಬಂದವು. ಮನೆಗೆ ಬಂದವು ಎಂದರೆ ಪುಟಾಣಿ, ಅಂದರೆ ಹುರಿಗಡಲೆ, ಇಡುವ ಗಡಿಗೆಗೆ ಬಂದವು. ಮನೆಯಲ್ಲಿ ಬೇರೆ ಗಡಿಗೆ ಇರಲಿಲ್ಲ. ಒಂದು ಸಲ ಅವನ ಅತ್ತೆ ಮಹಾಂತಮ್ಮ ಮಕ್ತಲದಿಂದ ಬಂದು ಒಂದು ಹಿಡಿ ಪುಟಾಣಿ ಬಾಯಿಗೆ ಹಾಕಿಕೊಂಡಳು. ಅವತ್ತಿನಿಂದ ಮಹಾಂತಮ್ಮನ ಬಾಯಲ್ಲಿ ಒಂದು ಹಲ್ಲು ಕಡಿಮೆ, ಬಾದಶಾಹನ ನಾಣ್ಯದ ಮೇಲೆ ಒಂದು ಕಚ್ಚು ಹೆಚ್ಚು. ಆ ಕಚ್ಚನ್ನು ಉರುಕುಂದಪ್ಪ ಎಲ್ಲರಿಗೂ ತೋರಿಸುತ್ತಿದ್ದ. ಯುದ್ಧದಲ್ಲಿ ಬಿದ್ದ ಏಟು ಎನ್ನುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ ಗದ್ವಾಲದ ಜಯತೀರ್ಥರಾಯರು ಸೀರೆ ಕೊಳ್ಳಲು ಬಂದರು. ಓದು ಬರಹ ಬಲ್ಲವರು, ಮೂಗಿನ ತುದಿಯಲ್ಲಿ ಚಾಳೀಸು. ಉರುಕುಂದಪ್ಪ ಅವರ ಮುಂದೆ ಗಡಿಗೆ ಬೋರಲು ಹಾಕಿದ. ರಾಯರು ಪುಟಾಣಿ ಆಚೆ ಸರಿಸಿ ನೋಡಿದರು.

"ಉರುಕುಂದಪ್ಪಾ, ಇದಕ್ಕ ಸಂಗ್ರಹ ಅನ್ನೂದಿಲ್ಲೋ, ಸಂತಿ ಅಂತಾರ. ಎಲ್ಲಾ ಒಂದರ ಮ್ಯಾಲ ಒಂದು ಬಿದ್ದಾವ. ಹಳೇದು ಯಾವುದು, ಹೊಸಾದು ಯಾವುದು, ಯಾವ ರಾಜಂದು ಯಾವುದು, ಅಂತ ಜೋಡಿಸಬೇಕು. ಒಂದೊಂದಕ್ಕ ಒಂದೊಂದು ಮನಿ ಇರಬೇಕು. ಆಗ ಅದು ಸಂಗ್ರಹ."

ರಾಯರು ಇಷ್ಟು ಹೇಳಿ ಗದ್ವಾಲಕ್ಕೆ ಹೋದರು, ಊಟ ಮಾಡಿ ಮಲಗಿದರು, ಹೇಳಿದ್ದನ್ನು ಮರೆತರು. ಇಲ್ಲಿ ಉರುಕುಂದಪ್ಪನ ನಿದ್ದೆ ಹೋಯಿತು. ಸಂತೆ ಎಂದರಲ್ಲ!

ಜೋಡಿಸಲು ಕೂತ. ಓದು ಬರದ ಮನುಷ್ಯ, ಹಾಗಂತ ಬಿಡುವವನಲ್ಲ. ತನ್ನದೇ ಒಂದು ಶಾಸ್ತ್ರ ಮಾಡಿಕೊಂಡ. ಸವೆದಷ್ಟೂ ಹಳೆಯದು. ಪೂರ್ತಿ ಸವೆದು ಬೋಳಾಗಿದ್ದರೆ ರಾಮದೇವರ ಕಾಲದ್ದು. ಅಂಥದ್ದು ಒಂದೇ ಒಂದು ಇತ್ತು. ಅದನ್ನು ಅವನ ಹೆಂಡತಿ ಕುರುಮಮ್ಮ ಹೋದ ವರ್ಷದ ಹಬ್ಬಕ್ಕೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತಿಕ್ಕಿ ಬೆಳಗಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ, ಅವಳು ಹೇಳಲಿಲ್ಲ. ಆನೆ ಇದ್ದರೆ ಆನೆ ರಾಜ, ಹಕ್ಕಿ ಇದ್ದರೆ ಹಕ್ಕಿ ರಾಜ. ಬರೀ ಬರಹ ಇದ್ದರೆ ಬಾದಶಾಹ. ಒಂದರ ಮೇಲಿದ್ದ ಸಿಂಹ ಬೆಕ್ಕಿನಂತೆ ಕಂಡದ್ದರಿಂದ ನಮ್ಮ ಸೀಮೆಯನ್ನು ಬೆಕ್ಕಿನ ರಾಜನೊಬ್ಬ ಆಳಿದ ವಿಷಯವೂ ಹೊರಬಿತ್ತು.

ನೆಲದ ಮೇಲೆ ಜೋಡಿಸಿದರೆ ಕೋಳಿ ಬಂದು ಕೆದರಿತು. ಮಣೆಯ ಮೇಲೆ ಜೋಡಿಸಿದರೆ ಕುರುಮಮ್ಮ ಮಣೆ ಎಳೆದುಕೊಂಡು ಕೂತಳು. ಕೊನೆಗೆ ಉರುಕುಂದಪ್ಪ ಮಗ್ಗದ ಮುಂದೆ ಕೂತು ತನ್ನ ಕೈಯ ಕೆಲಸವನ್ನೇ ನೋಡಿದ. ನಮ್ಮೂರ ಸೀರೆ ಎಂದರೆ ಚೌಕಡಿ. ಒಂದೊಂದು ಚೌಕವೂ ಒಂದೊಂದು ಮನೆ!

ಎರಡು ಚೌಕಡಿ ಸೀರೆಗಳನ್ನು ಒಂದರ ಮೇಲೆ ಒಂದು ಹಾಸಿದ. ಪ್ರತಿ ಚೌಕದ ನಡುವೆ ಒಂದು ನಾಣ್ಯ ಇಟ್ಟ. ಗೆರೆಗಳ ಮೇಲೆ ಸುತ್ತ ಹೊಲಿದ. ದೇವರ ಚಿತ್ರ ಇದ್ದವು ಅಂಚಿಗೆ. ರಾಜರು ಒಡಲಿಗೆ. ಹಿರಿಯರಿಗೆ ಮರ್ಯಾದೆಯ ಜಾಗ ಬೇಕಲ್ಲ, ರಾಮದೇವರ ಕಾಲದ್ದು ಸೆರಗಿಗೆ.

ಕುರುಮಮ್ಮ ಬಂದು ನೋಡಿದಳು.

"ಇದರಾಗ ನಾಣ್ಯ ಎಲ್ಲಿ ಅದಾವ್ರಿ?"

"ಒಳಗ ಅದಾವ."

"ಕಾಣಂಗಿಲ್ಲಲ್ಲ?"

"ನಿಮ್ಮವ್ವನ ಮನಿ ಇಲ್ಲಿಂದ ಕಾಣತೈತೇನು? ಇಲ್ಲೇನು ಹಂಗಂದ್ರ?"

ಕುರುಮಮ್ಮ ಉತ್ತರ ಕೊಡಲಿಲ್ಲ. ನೀರು ತರಲು ಬಾವಿಗೆ ಹೋದಳು, ಅಲ್ಲಿ ಕೊಟ್ಟಳು. ನಮ್ಮ ಗಂಡಗ ತಲಿ ತಿರುಗೈತಿ, ಇದ್ದಬದ್ದ ಹಳೇ ನಾಣ್ಯ ಎಲ್ಲಾ ಸೀರ‍್ಯಾಗ ಹೊಲಿಯಾಕ ಹತ್ಯಾನ, ಹೊರಗ ಒಂದೂ ಕಾಣಂಗಿಲ್ಲ ಎಂದಳು. ಅವಳು ಕೊಡ ಇಳಿಸುವುದರೊಳಗೆ ಈ ಮಾತು ಊರು ಸುತ್ತಿ ವಾಪಸು ಬಂತು.

ಎಂಥ ಹೊತ್ತಿನಲ್ಲಿ ಬಂತು ಎಂಬುದನ್ನು ಹೇಳಬೇಕು. ಗಣಪತಿ ಹಬ್ಬದ ಆಸುಪಾಸು. ಯೂನಿಯನ್ ಫೌಜು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಊರೆಲ್ಲ ಗುಸುಗುಸು. ಲೂಟಿ ಆಗುತ್ತದಂತೆ, ಮನೆ ಮನೆ ಝಡತಿ ಮಾಡಿ ಹುಡುಕುತ್ತಾರಂತೆ ಎಂದು ದಿನಕ್ಕೊಂದು ಸುದ್ದಿ. ಇದ್ದವರಿಗೆಲ್ಲ ಒಂದೇ ಚಿಂತೆ, ಗಂಟು ಎಲ್ಲಿ ಮುಚ್ಚಿಡುವುದು? ಬಾವಿಗೆ ಇಳಿಬಿಟ್ಟವರಿದ್ದರು, ಹಿತ್ತಲಲ್ಲಿ ಹೂತು ಗುರುತು ಮರೆತು ಇಡೀ ಹಿತ್ತಲು ಅಗೆದವರಿದ್ದರು. ಅಂಥದ್ದರಲ್ಲಿ ಉರುಕುಂದಪ್ಪ ಸೀರೆಯಲ್ಲಿ ಹೊಲಿದು ಮುಚ್ಚುತ್ತಿದ್ದಾನೆ ಎಂಬ ಸುದ್ದಿ! ಹುಚ್ಚನಂತೆ ನಟಿಸುತ್ತಾನೆ, ಆದರೆ ಎಂಥ ತಲೆ ಎಂದು ಮೂವರಿಗೆ ಅನ್ನಿಸಿತು. ಆ ಮೂವರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಮೊದಲು ಬಂದವರು ಸಾಹುಕಾರ ಕರಿಬಸಯ್ಯನವರು. ಕಿರಾಣಿ ಅಂಗಡಿ, ಕಾಳಿನ ವ್ಯಾಪಾರ. ಉಪ್ಪು ತೂಗುವಾಗ ಒಂದು ಹರಳು ಹೆಚ್ಚು ಬಿದ್ದರೆ ಅದನ್ನು ತೆಗೆದು, ಬೆರಳು ನೆಕ್ಕುವ ಮನುಷ್ಯ. ಜೋಳದ ಸಣ್ಣ ಚೀಲವೊಂದನ್ನು ತಾವೇ ಹೆಗಲ ಮೇಲೆ ಹೊತ್ತು ಬಂದರು. ಅವರ ಹೆಗಲು ಹೊರೆ ಕಂಡದ್ದು ಅದೇ ಮೊದಲು.

"ಉರುಕುಂದಪ್ಪಾ, ನಿನ್ನ ಸೀರಿ ಸುದ್ದಿ ಕೇಳಿದೆ. ಭಲೇ ತಲಿ ಬಿಡಪಾ ನಿಂದು!"

"ನಿಮಗೂ ತಿಳೀತೇನ್ರೀ ಸಾವ್ಕಾರ್ರೇ?" ಉರುಕುಂದಪ್ಪ ಓಡಿ ಹೋಗಿ ಮಣೆ ತಂದು ಹಾಕಿದ.

"ತಿಳೀದೇ ಏನು? ಕೇಳಿಲ್ಲೆ. ಈ ಜೋಳದಾಗ ನಮ್ಮ ಮುತ್ಯಾನ ಕಾಲದ ಹಳೇವು ಒಂದಿಷ್ಟು ಅದಾವ. ನಿನ್ನ ಸೀರ‍್ಯಾಗ ಅವಕ್ಕೂ ಜಾಗ ಮಾಡು. ಆದ್ರ ಒಂದು ಮಾತು. ನನ್ನ ಹೆಸರು ಯಾರ ಮುಂದೂ ಎತ್ತಬ್ಯಾಡ. ಯಾರ ಮುಂದೂ ಅಂದ್ರ ನಮ್ಮ ಮನಿಯಾಕಿ ಮುಂದೂ ಎತ್ತಬ್ಯಾಡ."

"ಹೆಸರು ಬ್ಯಾಡೇನ್ರಿ?"

"ಸುತಾರಾಂ ಬ್ಯಾಡ."

ಸಾಹುಕಾರರು ಹೋದರು. ಉರುಕುಂದಪ್ಪ ಅವರು ಹೋದ ದಾರಿಗೆ ಕೈ ಮುಗಿದ. ನಮ್ಮ ಕಡೆ ಗುಪ್ತದಾನ ಎಂದು ಒಂದು ಪದ್ಧತಿ ಇದೆ. ಅಧಿಕ ಮಾಸ ಬಂದರೆ ಕುಂಬಳಕಾಯಿಯಲ್ಲೋ ಉಂಡೆಯಲ್ಲೋ ನಾಣ್ಯ ಮುಚ್ಚಿಟ್ಟು, ಹೆಸರು ಹೇಳದೆ ಕೊಟ್ಟುಬಿಡುವುದು. ಕೊಟ್ಟವರ ಹೆಸರು ಹೊರಬಿದ್ದರೆ ಪುಣ್ಯ ಹೋಯಿತು. ಸಾಹುಕಾರರು ಜೋಳದಲ್ಲಿ ಮುಚ್ಚಿ ತಂದಿದ್ದಾರೆ, ಹೆಸರು ಬೇಡ ಎಂದಿದ್ದಾರೆ. ಇನ್ನೇನು?

"ಗುಪ್ತದಾನ ಕೊಟ್ಟಾರ!" ಎಂದ ಹೆಂಡತಿಗೆ.

"ಆ ಸಾವ್ಕಾರ ಎಂಜಲ ಕೈಲೆ ಕಾಗಿ ಸೈತ ಹೊಡಿಯಂಗಿಲ್ಲ. ಅಗಳು ಬಿದ್ದೀತು ಅಂತ."

"ಅಂಥಾವರ ಮನಸ್ಸು ತಿರುಗಿಸಿಬಿಟ್ಟೈತಿ ನೋಡು ನನ್ನ ಸಂಗ್ರಹ!"

ಮರುದಿನ ಮಟಮಟ ಮಧ್ಯಾಹ್ನ ಗುಡಿಯ ವಾದಿರಾಜಾಚಾರ್ರು ಬಂದರು. ಮೈಮೇಲೆ ಒದ್ದೆ ಮಡಿ, ಬಗಲಲ್ಲಿ ದೊಡ್ಡದೊಂದು ಕುಂಬಳಕಾಯಿ, ಅದರ ಮೇಲೆ ತುಳಸಿ. ಉರುಕುಂದಪ್ಪನಿಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಆಚಾರ್ರು ಬಾಯಿ ತೆರೆಯುವ ಮೊದಲೇ ಉದ್ದಂಡ ಬಿದ್ದ.

"ಏಳಪ್ಪಾ, ನಮಸ್ಕಾರ ಆಮ್ಯಾಲ ಮಾಡೀಯಂತ. ಮೊದಲ ಬಾಗಲಾ ಹಾಕು. ಇದರೊಳಗ ನಮ್ಮ ಹಿರಿಯರ ವರಹ ಅವ. ತೂತಿನ ಮ್ಯಾಲ ತೊಟ್ಟು ಮುಚ್ಚೀನಿ. ನಮ್ಮ ಮನಿಯಾಕಿ ಅಂಬಾಬಾಯಿಗೂ ಹೇಳಿಲ್ಲ ನಾನು. ನನ್ನ ಹೆಸರು ಮಾತ್ರ..."

"ಹೇಳಬ್ಯಾಡ್ರೀ ಆಚಾರ್ರೇ! ನನಗ ಪದ್ಧತಿ ಗೊತ್ತೈತಿ."

"ಹುಷಾರಾಗಿ ಇಟ್ಟಿರ‍್ತೀಯಲ್ಲ?"

"ಸಾಯೂತನಕ ಇಡತೀನ್ರಿ!"

"ಅಷ್ಟು ದಿನ ಯಾಕೋ..." ಎನ್ನುವಷ್ಟರಲ್ಲಿ ಬಾಗಿಲು ಬಡಿದ ಸಪ್ಪಳ. ಆಚಾರ್ರು ಹಿತ್ತಲ ಕಡೆಯಿಂದ ಎಗರಿದರು. ಅಂಥ ದಪ್ಪ ಮೈಯ ಮನುಷ್ಯ ಹಾಗೆ ಎಗರಿದ್ದನ್ನು ಮತ್ತೆ ಯಾರೂ ಕಾಣಲಿಲ್ಲ.

ಬಾಗಿಲಲ್ಲಿ ಊರ ಪಟೇಲ ಪೆದ್ದಯ್ಯನವರು. ಅವರ ತಲೆ ಅವತ್ತು ಹೆಗಲಿಗಿಂತ ಅಗಲ ಇತ್ತು. ರುಮಾಲಿನ ಒಂದೊಂದು ಸುತ್ತಿನಲ್ಲೂ ನಾಣ್ಯ. ಕೂತು ಸುತ್ತು ಬಿಚ್ಚತೊಡಗಿದರು. ಟಣ್ ಟಣ್ ಎಂದು ಉದುರಿದವು. ಅರ್ಧ ತೆಲುಗಿನಲ್ಲೇ ಮಾತಾಡುವ ಮನುಷ್ಯ.

"ಚೂಡು ಉರುಕುಂದಪ್ಪಾ, ನಾ ಇಲ್ಲಿಗೆ ಬಂದಿಲ್ಲ."

"ಬಂದಿಲ್ಲರೀ ಪಟೇಲ್ರೇ."

"ಇವು ನಾ ಕೊಟ್ಟಿಲ್ಲ."

"ಕೊಟ್ಟಿಲ್ಲರೀ."

"ನೀ ಇಸಗೊಂಡಿಲ್ಲ."

"ಇಸಗೊಂಡಿಲ್ಲರೀ."

"ಮಂಚಿದಿ," ಎಂದು ಪಟೇಲರು ಬೋಳು ತಲೆಗೆ ಖಾಲಿ ರುಮಾಲು ಸುತ್ತಿಕೊಂಡು ಸಮಾಧಾನದಿಂದ ಹೋದರು. ಇಂಥ ಗುಪ್ತದಾನ ಭೂಮಿಯ ಮೇಲೆ ಯಾರೂ ಕೊಟ್ಟಿಲ್ಲ ಎಂದು ಉರುಕುಂದಪ್ಪ ಕಣ್ಣೊರೆಸಿಕೊಂಡ. ಇಷ್ಟು ವರ್ಷ ಒಂದು ಎಲೆ ಅಡಿಕೆಗೂ ಕರೆಯದ ಊರು ಇದು!

ಆಮೇಲೆ ಅವನು ಮಾಡಿದ ಕೆಲಸ ಸಂಗ್ರಹದ ಶಾಸ್ತ್ರದ ಪ್ರಕಾರ ಸರಿಯಾಗಿಯೇ ಇತ್ತು. ಸಾಹುಕಾರರ ಆನೆಯನ್ನು ತನ್ನ ಆನೆಯ ಪಕ್ಕದ ಚೌಕಕ್ಕೆ ಹಾಕಿದ. ಆಚಾರ್ರ ವರಹದ ಮೇಲೆ ದೇವರಿದ್ದ, ಅಂಚಿಗೆ ಹೋಯಿತು. ಪಟೇಲರವು ರುಮಾಲಿಗೆ ಉಜ್ಜಿ ಉಜ್ಜಿ ಸವೆದಿದ್ದವು, ಹಿರಿಯರೆಂದು ಸೆರಗಿಗೆ ಏರಿದವು. ಯಾವುದು ಯಾರದು ಎಂದು ಗುರುತು ಇಡಲಿಲ್ಲ. ಗುರುತು ಇಟ್ಟರೆ ಗುಪ್ತ ಹೇಗಾದೀತು? ಚೌಕಗಳೆಲ್ಲ ತುಂಬಿದವು. ಸೀರೆಯನ್ನು ಬಟ್ಟೆ ಹಾಕುವ ದಂಡಿಗೆಯ ಮೇಲೆ ಹಾಕಿದ. ದಂಡಿಗೆ ಮುರಿಯಿತು.

ಫೌಜು ಬಂತು. ಬಂತು ಎಂದರೆ ನಮ್ಮೂರಿಗೆ ಬರಲಿಲ್ಲ, ಎಲ್ಲೆಲ್ಲೋ ಬಂತು. ನಾವು ಅಟ್ಟ ಹತ್ತಿ ಕೂತು ಕಾಯುತ್ತಲೇ ಇದ್ದೆವು. ವಾರ ತುಂಬುವುದರೊಳಗೆ ಎಲ್ಲ ಮುಗಿಯಿತು, ಇಳಿಯಿರಿ ಎಂದರು. ಕಾಲು ಜೋಮು ಹಿಡಿದಿತ್ತು, ಇಳಿಯಲು ಆಗಲಿಲ್ಲ.

ಕುರುಮಮ್ಮನಿಗೆ ತಾಯಿಯ ಚಿಂತೆ. ಗದ್ದಲದಲ್ಲಿ ಅವ್ವ ಏನಾದಳೋ, ಮಕ್ತಲಕ್ಕೆ ಹೋಗಿ ನೋಡಿ ಬರಬೇಕು ಎಂದಳು. ಗಂಡ ಹೆಂಡತಿ ಇಬ್ಬರೂ ಹೊರಟರೆ ಮನೆಯಲ್ಲಿ ಸಂಗ್ರಹ ಕಾಯುವವರು ಯಾರು? ಉರುಕುಂದಪ್ಪ ವಿಚಾರ ಮಾಡಿ ಹೇಳಿದ:

"ಗಂಟು ಕಟ್ಟಿ ಒಯ್ದರ ಕಳ್ಳರ ಕಣ್ಣು ಬೀಳತೈತಿ. ಉಟ್ಟ ಸೀರಿ ಮ್ಯಾಲ ಯಾರು ಕೈ ಹಾಕತಾರ? ನೀ ಉಟ್ಟುಬಿಡು."

ನಿತ್ಯದ ಸೀರೆಯ ಮೇಲೆ ಅದನ್ನು ಉಡಿಸಿದ್ದಾಯಿತು. ಕುರುಮಮ್ಮ ಒಂದು ಹೆಜ್ಜೆ ಇಟ್ಟಳು, ನಿಂತಳು.

"ನಾ ಸೀರಿ ಉಟ್ಟೀನೋ, ಸೀರಿನ ನನ್ನ ಉಟ್ಟೈತೋ! ಎತ್ತರಿ ನನ್ನ ಗಾಡಿಗೆ!"

ಓಣಿಯವರೆಲ್ಲ ಸೇರಿ ಹೈಸ್ಸಾ ಎಂದು ಎತ್ತಿದೆವು. ಎತ್ತುಗಳು ಕತ್ತು ತಿರುಗಿಸಿದ್ದು ಆಗಲೇ.

ಗದ್ದಲ ಮುಗಿಯಿತು, ಇನ್ನು ನಮ್ಮದನ್ನು ಇಸಿದುಕೊಂಡು ಬರೋಣ ಎಂದು ಸಾಹುಕಾರರು ಅದೇ ಹೊತ್ತಿಗೆ ಓಣಿಗೆ ಬಂದರು. ಆಚೆಯಿಂದ ಆಚಾರ್ರು. ಈಚೆಯಿಂದ ಪಟೇಲರು. ಮೂವರ ಕಣ್ಣೆದುರಿಗೇ ಸೀರೆ ಊರು ಬಿಟ್ಟು ಹೊರಟಿತ್ತು! ಕರಿಬಸಯ್ಯನವರ ಬಾಯಿಂದ ಅಯ್ಯೋ ಎಂದು ಅರ್ಧ ಮಾತು ಹೊರಬಂತು. ಆಚಾರ್ರು ನೋಡುತ್ತಿದ್ದಾರೆ, ಉಳಿದರ್ಧ ನುಂಗಿದರು.

"ಎಲ್ಲಿಗಪಾ ಉರುಕುಂದಪ್ಪಾ?"

"ಮಕ್ತಲಕ್ಕರೀ."

"ನಾನೂ ಅಲ್ಲಿಗೇ ಹೊಂಟಿದ್ದೆ. ಬೆಲ್ಲದ ಧಾರಣಿ ಕೇಳಿ ಬರಬೇಕಾಗೇತಿ."

"ನಂದೂ ಮಕ್ತಲದಾಗ ಹಣಮಪ್ಪನ ದರ್ಶನದ ಹರಕಿ ಅದ," ಎಂದರು ಆಚಾರ್ರು.

"ದಾರಿ ಖರಾಬು ಐತಿ. ಬಂದೋಬಸ್ತಿಗೆ ನಾ ಬರತೀನಿ," ಎಂದರು ಪಟೇಲರು.

"ಬರ‍್ರಿ, ಗಾಡಿ ಹತ್ತರಿ," ಎಂದ ಉರುಕುಂದಪ್ಪ. ಗಾಡಿಯಲ್ಲಿ ಮುಂದೆ ಕೂತರೆ ಸ್ವಂತ ಗಂಟು ಕಣ್ಣ ಮರೆಯಾಗುತ್ತದೆ. ಮೂವರೂ ನಡಿಗೆ ಮೈಗೆ ಒಳ್ಳೆಯದು ಎಂದರು. ಹೀಗಾಗಿ ಮಕ್ತಲದ ದಾರಿಯಲ್ಲಿ ಒಂದು ಮೆರವಣಿಗೆ ಹೊರಟಿತು. ಗಾಡಿಯಲ್ಲಿ ಅಲುಗಾಡದೆ ಕೂತ ಕುರುಮಮ್ಮ. ಅವಳ ಸೆರಗಿನ ಮೇಲೇ ಕಣ್ಣಿಟ್ಟು ಕೆಸರು ತುಳಿಯುತ್ತ ಊರಿನ ಮೂವರು ಹಿರಿಯರು. ಚಕ್ರ ತಗ್ಗಿಗೆ ಇಳಿದರೆ ಝಣ್! ಝಣ್ ಎಂದಾಗಲೆಲ್ಲ ಮೂವರೂ ಎದೆ ಮುಟ್ಟಿಕೊಳ್ಳುವರು. ದಾರಿಯ ಹಳ್ಳಿಯ ಹೆಂಗಸರು ಇದನ್ನು ನೋಡಿದರು. ಇಂಥಿಂಥವರು ಬರಿಗಾಲಲ್ಲಿ ಹಿಂದೆ ಬರುತ್ತಾರೆ ಎಂದರೆ ಇವಳ ಮೈಮೇಲೆ ತಾಯಿ ಬಂದಿರಬೇಕು ಎಂದು ಗಾಡಿ ನಿಲ್ಲಿಸಿ ಕಾಯಿ ಒಡೆದರು. ಕುರುಮಮ್ಮ ಮೈಮೇಲಿನ ಭಾರಕ್ಕೆ ಹುಂ ಎಂದು ನರಳಿದಳು. ತಾಯಿ ಒಪ್ಪಿದಳು ಎಂದು ಅವರು ಕೈ ಮುಗಿದರು.

ಒಂದು ಕಡೆ ಗಾಡಿ ಎಗರಿ ದಾರ ಹರಿದು ಒಂದು ನಾಣ್ಯ ಕೆಳಗೆ ಬಿತ್ತು. ಮೂರು ತಲೆ ಒಮ್ಮೆಲೇ ಬಗ್ಗಿದವು. ಟಪ್ಪೆಂದು ಗುದ್ದಿದವು.

"ಮುಳ್ಳು ಇತ್ತು, ತಗಿಯಾಕ ಹೋದೆ," ಎಂದರು ಸಾಹುಕಾರರು ಹಣೆ ತಿಕ್ಕುತ್ತ.

"ನಾನೂ ಮುಳ್ಳೇ," ಎಂದರು ಆಚಾರ್ರು.

ಪಟೇಲರು ಇಬ್ಬರನ್ನೂ ನೋಡಿದರು. ಇಬ್ಬರೂ ಪಟೇಲರನ್ನು ನೋಡಿದರು. ಅಲ್ಲಿಗೆ ಮೂವರಿಗೂ ಗೊತ್ತಾಯಿತು. ಆದರೆ ಬಾಯಿ ಬಿಡುವಂತಿಲ್ಲ. ಸರ್ಕಾರಕ್ಕೆ ಕೊಡಬೇಕಾದ ಲೆವಿ ಕಾಳು ಕೇಳಲು ಪಟೇಲರು ಬಂದಾಗ ಸಾಹುಕಾರರು ಖಾಲಿ ಚೀಲ ಝಾಡಿಸಿ ತೋರಿಸಿ ಅತ್ತಿದ್ದರು. ಗುಡಿಯ ಗೋಡೆ ಕಟ್ಟಿಸಲು ಕೇಳಿದಾಗ ಆಚಾರ್ರು ದೇವರೇ ಬಡವ ಎಂದಿದ್ದರು. ಪಟೇಲರು ತಮ್ಮ ಸಂಬಳದಲ್ಲಿ ರುಮಾಲು ಕೊಳ್ಳುವುದೂ ಕಷ್ಟ ಎಂದು ಊರ ಮುಂದೆ ಹೇಳುತ್ತಿದ್ದರು. ಉರುಕುಂದಪ್ಪ ಇಳಿದು ಬಂದು ನಾಣ್ಯ ಎತ್ತಿಕೊಂಡ.

"ಸರೀರಿ ಅತ್ತಾಗ. ಇದು ಸೆರಗಿನಾವ. ಹಿರೇ ಮನಿಶಾ."

ಮಕ್ತಲದ ಹೊರಗೆ ಹಳ್ಳ. ಹಳ್ಳದ ದಂಡೆಯಲ್ಲಿ ಫೌಜಿನ ಡೇರೆ. ಬೆಳಗಾವಿ ಕಡೆಯ ಸುಬೇದಾರರೊಬ್ಬರು, ಬಂದೂಕಿನ ಸಿಪಾಯಿಗಳು. ಹೋಗಿ ಬರುವ ಗಾಡಿಗಳನ್ನೆಲ್ಲ ನಿಲ್ಲಿಸಿ ನೋಡುತ್ತಿದ್ದರು. ಮಂದಿ ದೂರ ನಿಂತು ಮೋಜು ನೋಡುತ್ತಿತ್ತು.

"ಏ, ನಿಲ್ಲಸೋ ಗಾಡಿ! ಒಳಗೇನೈತಿ?"

"ನನ್ನ ಹೇಂತಿ ಅದಾಳ್ರಿ ಸಾಹೇಬ್ರ."

"ಹೇಂತಿ ಝಣ ಝಣ ಅಂತಾಳಲ್ಲೋ?"

"ಅಕಿ ಅಲ್ರಿ. ಸಂಗ್ರಹ."

ಕುರುಮಮ್ಮ ಡೇರೆಯ ಮರೆಗೆ ಹೋಗಿ ಮೇಲಿನ ಸೀರೆ ಬಿಚ್ಚಿ ಕೊಟ್ಟಳು. ಭಾರ ಇಳಿದ ಕೂಡಲೇ ಅವಳು ಹತ್ತಿಯಂತೆ ಒಂದು ಮೊಳ ಮೇಲೆದ್ದಳು ಎಂದು ಕಂಡವರು ಹೇಳುತ್ತಾರೆ. ಸೀರೆ ಹಿಡಿದ ಸಿಪಾಯಿ ಮುಂದಕ್ಕೆ ಮುಗ್ಗರಿಸಿದ. ಸುಬೇದಾರರು ಒಂದು ಚೌಕ ಮುಟ್ಟಿದರು, ಇನ್ನೊಂದು ಮುಟ್ಟಿದರು, ಹುಬ್ಬು ಏರಿಸಿದರು.

"ಇಷ್ಟೂ ನಿನ್ನವೇನು?"

"ಒಂದಿಷ್ಟು ನನ್ನವ್ರಿ. ಉಳದದ್ದು ಕೊಟ್ಟಾರ."

"ಯಾರು?"

"ಅದು ಹೇಳಂಗಿಲ್ರಿ."

"ಯಾಕ ಹೇಳಂಗಿಲ್ಲ?"

"ಹೇಳಿದ್ರ ಅವರ ಪುಣ್ಯಾ ಹೋಗತೈತಿ."

ಸುಬೇದಾರರ ಮೀಸೆ ನೆಟ್ಟಗಾಯಿತು. "ಓಹೋ! ಹಳೇ ಸರ್ಕಾರದಾಗ ಇದ್ದು ಓಡಿಹೋದ ಮಂದಿ ಗಂಟು ಸಾಗಸಾಕ ಹತ್ತೀಯಲ್ಲೋ ಮಗನ! ಹೆಸರು ಹೇಳು. ಇಲ್ಲಂದ್ರ ಸೀರಿನೂ ಸರ್ಕಾರಕ್ಕ, ನೀನೂ ಸರ್ಕಾರಕ್ಕ."

ಸಿಪಾಯಿಗಳು ಉರುಕುಂದಪ್ಪನ ಎರಡೂ ರಟ್ಟೆ ಹಿಡಿದರು. ಗಾಡಿಯ ಹಿಂದೆ ಮೂವರು ನಿಂತಲ್ಲೇ ಬೆವತರು. ಬಾಯಿ ಬಿಟ್ಟರೆ ಹೆಸರು ಹೋಗುತ್ತದೆ, ಬಿಡದಿದ್ದರೆ ಗಂಟು ಹೋಗುತ್ತದೆ. ಉರುಕುಂದಪ್ಪ ಸೀರೆಯನ್ನೊಮ್ಮೆ ನೋಡಿದ. ಆನೆ ರಾಜ, ಹಕ್ಕಿ ರಾಜ, ಬೆಕ್ಕಿನ ರಾಜ, ಎಲ್ಲರೂ ಕೈ ಬಿಡುವ ಹೊತ್ತು. ಕಣ್ಣಲ್ಲಿ ನೀರು ಬಂತು. ಆದರೂ ಎದೆ ಸೆಟೆಸಿದ.

"ಒಯ್ಯಿರಿ ಸಾಹೇಬ್ರ, ಸೀರಿನೂ ಒಯ್ಯಿರಿ, ನನ್ನೂ ಒಯ್ಯಿರಿ. ಹಿರೇರು ನನ್ನ ನಂಬಿ ಕೊಟ್ಟಾರ. ಕುತ್ತಿಗಿ ಕೊಯ್ದರೂ ಹೆಸರು ಹೇಳಂಗಿಲ್ಲ!"

ಮಂದಿ ಭೇಷ್ ಎಂದಿತು. ಕುರುಮಮ್ಮ ಭೇಷ್ ಎನ್ನಲಿಲ್ಲ.

"ಪುಣ್ಯಾ ಹಾಳಾಗಿ ಹೋಗ್ಲಿ! ನನ್ನ ಗಂಡನ್ನ ಹಿಡದಾರಲ್ಲೋ ಯಪ್ಪಾ! ಸಾಹೇಬ್ರ, ಕೊಟ್ಟಾವರು ಎಲ್ಲೂ ಓಡಿ ಹೋಗಿಲ್ಲ. ಇಗಾ, ಗಾಡಿ ಹಿಂದ ಸಾವ್ಕಾರ್ರು, ಆಚಾರ್ರು, ಪಟೇಲ್ರು ಮೂರೂ ಮಂದಿ ನಿಂತಾರ ನೋಡ್ರಿ!"

"ಅಯ್ಯಯ್ಯೋ, ಹೇಳಿಬಿಟ್ಟೆಲ್ಲ!" ಎಂದು ಉರುಕುಂದಪ್ಪ ರಟ್ಟೆ ಕೊಸರಿಕೊಂಡು ಕಿವಿ ಮುಚ್ಚಿಕೊಂಡ.

ಸುಬೇದಾರರು ಮೂವರನ್ನೂ ಮುಂದೆ ಕರೆದರು. ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದರು. ಅವರ ಮಾತು ಮೆತ್ತಗೇ ಇತ್ತು.

"ಹೆದರಬ್ಯಾಡ್ರಿ. ಯಾರ ಆಸ್ತಿನೂ ನಮಗ ಬ್ಯಾಡ. ನಿಮ್ಮವಾದ್ರ ಈಗಿಂದೀಗ ಬಿಚ್ಚಿಕೊಂಡು ಹೋಗ್ರಿ. ಬರೇ ಹೆಸರು, ಎಷ್ಟವ, ಎಲ್ಲಿಂದ ಬಂದ್ವು, ಹೆಣ್ಮಕ್ಕಳ ಸೀರ‍್ಯಾಗ ಯಾಕ ಮುಚ್ಚಿಟ್ಟಿದ್ರಿ, ಇಷ್ಟು ಹೇಳಿಬಿಡ್ರಿ. ಸಾವ್ಕಾರ್ರು ಯಾರು? ನೀವು ಮೊದಲ."

ಇಷ್ಟು ಹೇಳುವುದೇ ಕಷ್ಟ. ಕರಿಬಸಯ್ಯನವರು ಪಕ್ಕದಲ್ಲಿ ನಿಂತ ಪಟೇಲರ ಮುಖ ನೋಡಿದರು. ಪಟೇಲರ ಕಣ್ಣು ಲೆವಿಯ ಕಾಲದ ಖಾಲಿ ಚೀಲವನ್ನೇ ನೆನೆಯುತ್ತಿತ್ತು.

"ನನ್ನವಲ್ರಿ ಸಾಹೇಬ್ರ."

"ಆ ಹೆಣ್ಣುಮಗಳು ನೀವು ಕೊಟ್ರಿ ಅಂತಾಳ?"

"ಕೊಟ್ಟೆ. ಕೊಟ್ಟೆ ಅಂದ್ರ..." ಸಾಹುಕಾರರು ಮುಗಿಲು ನೋಡಿದರು, ನೆಲ ನೋಡಿದರು. ತಪ್ಪಿಸಿಕೊಳ್ಳಲು ಒಂದೇ ಸಂದಿ ಕಂಡಿತು. "ದಾನ ಕೊಟ್ಟೆ. ಕೊಟ್ಟ ಮ್ಯಾಲ ನನ್ನವು ಹ್ಯಾಂಗಾದಾವು?"

"ಪಟೇಲ್ರ?"

"ನಾದಿ ಗೂಡ ದಾನಮೇ ಸಾಬ್! ನಂದೂ ಪೂರಾ ದಾನ!"

"ಆಚಾರ್ರು?"

ಆಚಾರ್ರು ಹಳ್ಳದ ಕಡೆ ಮುಖ ತಿರುಗಿಸಿದರು. ದಾನವೇ ಎಂಬಂತೆ ತಲೆಯನ್ನು ಒಮ್ಮೆ ಆಡಿಸಿದರು.

ಸುಬೇದಾರರಿಗೆ ನಂಬಿಕೆ ಬರಲಿಲ್ಲ. ಪೆನ್ಸಿಲಿನಿಂದ ಮೀಸೆ ಕೆರೆದುಕೊಂಡರು. "ಮೂರೂ ಮಂದಿ ದಾನಶೂರರು, ಒಂದೇ ನೇಕಾರಗ! ಇದಕ್ಕ ಸಾಕ್ಷಿ ಏನು?"

ಉರುಕುಂದಪ್ಪ ಈಗ ಕಿವಿಯಿಂದ ಕೈ ತೆಗೆದಿದ್ದ. ಅವನ ಚಿಂತೆಯೇ ಬೇರೆ. ಹೆಸರು ಹೊರಬಿದ್ದು ಇಂಥ ಹಿರಿಯರ ಪುಣ್ಯ ಹಳ್ಳದ ಪಾಲಾಯಿತಲ್ಲ! ಒಮ್ಮೆಲೇ ಮುಖ ಅರಳಿತು.

"ಸಾವ್ಕಾರ್ರೇ, ಮರಗಬ್ಯಾಡ್ರಿ! ಗುಪ್ತ ಹೋದ್ರ ಹೋತು, ದಾನ ಉಳಸಿಕೊಳ್ಳೂಣು. ಎಲ್ಲಾರ ಮುಂದ ನೀರು ಬಿಟ್ಟು, ಧಾರಿ ಎರದು ಕೊಟ್ಟುಬಿಡ್ರಿ. ಪುಣ್ಯಾ ವಾಪಸು ಬರತೈತಿ. ನೀರು ಇಲ್ಲೇ ಐತಿ, ಮಂತ್ರಕ್ಕ ಆಚಾರ್ರೂ ಅದಾರ. ಮುಗೀತಲ್ಲ!"

"ಇದು ಖರೇ ಮಾತು," ಎಂದರು ಸುಬೇದಾರರು. "ಎರೀರಿ. ನಾ ಸಾಕ್ಷಿ."

ಮೂವರು ಹಿರಿಯರು ಮೊಳಕಾಲ ತನಕ ಹಳ್ಳಕ್ಕೆ ಇಳಿದರು. ಉರುಕುಂದಪ್ಪ ಸೀರೆಯನ್ನು ಎರಡೂ ತೋಳ ಮೇಲೆ ಕೂಸಿನಂತೆ ಹೊತ್ತು ಎದುರಿಗೆ ನಿಂತ. ದಂಡೆಯ ಮೇಲೆ ಅರ್ಧ ಮಕ್ತಲ ನೆರೆದಿತ್ತು. ಮಹಾಂತಮ್ಮನೂ ಸುದ್ದಿ ಕೇಳಿ ಓಡಿ ಬಂದು, ಒಂದು ಹಲ್ಲು ಕಡಿಮೆಯ ಬಾಯಿ ತೆರೆದು ನಿಂತಿದ್ದಳು. ಆಚಾರ್ರು ಬೊಗಸೆಯಲ್ಲಿ ನೀರು ಹಿಡಿದು ಸಂಕಲ್ಪ ಶುರು ಮಾಡಿದರು. ಊರಿನವರ ಎಷ್ಟೋ ಮದುವೆ, ಎಷ್ಟೋ ತಿಥಿ ಮಾಡಿಸಿದ ದೊಡ್ಡ ಗಂಟಲು ಅದು. ಅವತ್ತು ಸೊಳ್ಳೆಯ ದನಿಯಷ್ಟೇ ಹೊರಟಿತು.

"ಕೇಳಸವಲ್ದು!" ಎಂದರು ಸುಬೇದಾರರು. "ಜೋರಾಗಿ!"

"ತುಭ್ಯಮಹಂ ಸಂಪ್ರದದೇ, ನ ಮಮ!" ಎಂದು ಆಚಾರ್ರು ಕೂಗಿ ನೀರು ಬಿಟ್ಟರು.

"ನ ಮಮ ಅಂದ್ರೇನು?" ಎಂದರು ಸುಬೇದಾರರು.

"ನನ್ನದಲ್ಲ, ಅಂತ ಅರ್ಥ," ಎಂದರು ಆಚಾರ್ರು.

"ಉಳದಾವರೂ ಅನ್ರಿ."

"ನ ಮಮ," ಎಂದರು ಪಟೇಲರು ನೀರು ಬಿಡುತ್ತ.

"ನ ಮಮ," ಎಂದರು ಸಾಹುಕಾರರು. ಬೊಗಸೆಯ ನೀರು ಪೂರ್ತಿ ಬೀಳಲಿಲ್ಲ. ಬೆರಳು ಬಿಗಿಹಿಡಿದಿದ್ದವು. ಉರುಕುಂದಪ್ಪನೇ ಒಂದೊಂದಾಗಿ ಬಿಡಿಸಿದ. ಸಾಹುಕಾರರ ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿತ್ತು. ದಾನ ಕೊಟ್ಟ ಆನಂದಕ್ಕೆ ಅಳುತ್ತಿದ್ದಾರೆ ನೋಡ್ರೇ ಎಂದು ದಂಡೆಯ ಹೆಂಗಸರೂ ಅತ್ತರು. ಸುಬೇದಾರರು ಕಾಲು ಜೋಡಿಸಿ ಮೂವರಿಗೂ ಒಂದು ಸಲಾಮು ಹೊಡೆದರು. ಪೆನ್ಸಿಲು ಕಿವಿಗೆ ಸಿಕ್ಕಿಸಿದರು. ಸೀರೆ ಉರುಕುಂದಪ್ಪನದೇ ಎಂದು ಎಲ್ಲರ ಮುಂದೆ ಸಾರಿದರು.

ಇಷ್ಟಕ್ಕೇ ಮುಗಿಯಬೇಕಿತ್ತು. ಆಚಾರ್ರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಹುಟ್ಟಿದಾಗಿನಿಂದ ದಾನ ಇಸಿದುಕೊಂಡು ಬಂದ ಬಾಯಿ ಅದು. ನ ಮಮ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಏನು ಹೇಳಬೇಕೋ ಅದನ್ನು ಆ ಬಾಯಿ ಆಚಾರ್ರನ್ನು ಕೇಳದೆಯೇ ಹೇಳಿಬಿಟ್ಟಿತು. ಅದೂ ಹಳೆಯ ದೊಡ್ಡ ದನಿಯಲ್ಲಿ, ಹಳ್ಳದ ಎರಡೂ ದಂಡೆಗೆ ಕೇಳುವಂತೆ:

"ದಕ್ಷಿಣಾ ಇಲ್ಲದ ದಾನ ಪೂರ್ತಿ ಆಗೂದಿಲ್ಲ! ಕೊಡೋ ಯಜಮಾನ್ರು ಸೊಂಟದಾಗ ಏನದನೋ ತಗದು ಇಡ್ರಿ!"

ಹೇಳಿ ಕಣ್ಣು ಬಿಟ್ಟರು. ಹರಿಯುವ ನೀರೂ ಒಂದು ಕ್ಷಣ ನಿಂತು ಕೇಳಿತು.

"ಇಡ್ರಿ ಮತ್ತ," ಎಂದರು ಸುಬೇದಾರರು. "ಶಾಸ್ತ್ರ ಅಂದ ಮ್ಯಾಲ ಶಾಸ್ತ್ರ."

ಕುರುಮಮ್ಮ ಮುಂದೆ ಬಂದು ಉಡಿ ಒಡ್ಡಿದಳು. ಪಟೇಲರು ಸೊಂಟದ ಚೀಲ ಬಿಚ್ಚಿ ಬೋರಲು ಹಾಕಿದರು. ಸಾಹುಕಾರರು ಪಂಚೆಯ ಗಂಟಿಗೆ ಹಲ್ಲು ಹಚ್ಚಿ ಬಿಚ್ಚಿದರು. ಆಚಾರ್ರೂ ಮಡಿಯ ಮಡಿಕೆಯಿಂದ ಇದ್ದದ್ದನ್ನು ತೆಗೆದು ಹಾಕಿದರು. ಉಡಿ ತುಂಬಿದ ಮೇಲೆ ಕರಿಬಸಯ್ಯನವರು ನೀರಿನಲ್ಲಿ ಒಂದು ಹೆಜ್ಜೆ ಹತ್ತಿರ ಸರಿದು, ಆಚಾರ್ರ ಕಿವಿಯಲ್ಲಿ ಹಲ್ಲು ಕಡಿಯುತ್ತ ಕೇಳಿದರು:

"ಇನ್ನೂ ಯಾವುದಾದ್ರೂ ಮಂತ್ರಾ ಉಳದೈತೇನ್ರೀ?"

ಆಚಾರ್ರು ಎರಡೂ ಕೈಯಿಂದ ತಮ್ಮ ಬಾಯಿಯನ್ನು ಬಿಗಿಯಾಗಿ ಮುಚ್ಚಿ ಹಿಡಿದುಕೊಂಡು, ಇಲ್ಲ ಇಲ್ಲ ಎಂದು ತಲೆಯಾಡಿಸಿದರು.